ಬೇಸಿಗೆಯ ಗಜನಿಯಲ್ಲಿ ಅಪರೂಪದ ಹಕ್ಕಿಗಳು

ಕಗ್ಗ ಭತ್ತದ ಕೊಯ್ಲು ಮುಗಿದು ಗಜನಿಗೆ ಉಪ್ಪುನೀರು ಬಿಟ್ಟ ಮೇಲೆ ನೀವು ಅತ್ತ ನೋಡುವುದು ಹೆಚ್ಚಾಗಿ ಸಿಗಡಿಯ ಸಲುವಾಗಿ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಇಳಿತದ ಹೊತ್ತಿಗೆ ಕಟ್ಟೆಯ ಮೇಲೆ ನಿಂತು ಕೆಸರಿನತ್ತ ಕಣ್ಣಾಡಿಸಿರಿ. ಒಳನಾಡಿನ ರೈತರಿಗೆ ಕಾಣಸಿಗುವುದೇ ಕಷ್ಟವಾದ ಹಕ್ಕಿಗಳು ಅಲ್ಲಿ ಮೇಯುತ್ತಿರುತ್ತವೆ.

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 4,800 ಹೆಕ್ಟೇರು ವಿಸ್ತಾರದ ಈ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು.

ಚಳಿಗಾಲದಲ್ಲಿ ಬೂದು ಬಣ್ಣದಲ್ಲಿದ್ದ ಸಣ್ಣ ಹಕ್ಕಿಗಳೇ ಬೇಸಿಗೆಯಲ್ಲಿ ಬಣ್ಣ ಬದಲಿಸುವುದರಿಂದ ಬೇರೆ ಜಾತಿಯವೆಂದು ತೋರುತ್ತವೆ. ಬಾಗಿದ ಕೊಕ್ಕಿನ ಕರ್ಲ್ಯೂ ಸ್ಯಾಂಡ್‌ಪೈಪರ್ ಹೊಟ್ಟೆಯೆಲ್ಲ ಇಟ್ಟಿಗೆಗೆಂಪಾಗುತ್ತದೆ. ಇದು ಮರಿ ಮಾಡುವುದು ಸೈಬೀರಿಯದ ಉತ್ತರದಂಚಿನ ಹಿಮಪ್ರದೇಶದಲ್ಲಿ. ಅಲ್ಲಿಗೆ ಹೊರಡುವ ಮುನ್ನ ಮೈಯಲ್ಲಿ ಕೊಬ್ಬು ಶೇಖರಿಸಿಕೊಳ್ಳಬೇಕು. ಆ ಕೊಬ್ಬೇ ದಾರಿಯ ಬುತ್ತಿ. ನಿಮ್ಮ ಗಜನಿಯ ಹುಳು, ಸಣ್ಣ ಏಡಿ, ಶಂಖದ ಮರಿಗಳಿಂದ ಈ ಬುತ್ತಿ ಸಿದ್ಧವಾಗುತ್ತದೆ. ಮೇ ಕಳೆದರೂ ಕೆಲವು ದೊಡ್ಡ ಕರ್ಲ್ಯೂ ಹಕ್ಕಿಗಳು ಇಲ್ಲೇ ಉಳಿದರೆ ಅವುಗಳಿಗೆ ರೋಗವೆಂದು ತಿಳಿಯಬೇಡಿರಿ. ಇನ್ನೂ ಪ್ರಾಯಕ್ಕೆ ಬಾರದ ಹಕ್ಕಿಗಳು ಮೊದಲ ಬೇಸಿಗೆಯನ್ನು ಇಲ್ಲಿಯೇ ಕಳೆಯುವುದುಂಟು.

ಈ ಆಹಾರ ಎಲ್ಲಿಂದ ಬಂತು? ಕಗ್ಗದ ಕೂಳೆ ಉಪ್ಪುನೀರಿನಲ್ಲಿ ಕೊಳೆಯುತ್ತದೆ, ಅದರ ಮೇಲೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಅವನ್ನು ಹುಳುಗಳೂ ಸಿಗಡಿ ಮರಿಗಳೂ ತಿನ್ನುತ್ತವೆ. ಹೊರಗಿನ ಗೊಬ್ಬರವಿಲ್ಲದೆ ಕಗ್ಗ ಬೆಳೆಯುವುದಕ್ಕೆ ಹೊಳೆ ತರುವ ಮೆಕ್ಕಲು ಮತ್ತು ಈ ಕೊಳೆತವೇ ಆಧಾರ. ಭತ್ತ ಬಿಟ್ಟು ವರ್ಷವಿಡೀ ಆಳದ ನೀರು ನಿಲ್ಲಿಸಿದರೆ ಕೂಳೆಯೂ ಇಲ್ಲ, ತೆರೆದ ಕೆಸರೂ ಇಲ್ಲ. ಸಣ್ಣ ಹಕ್ಕಿಯ ಕಾಲು ಎರಡಂಗುಲದ ನೀರಿಗೆ ಸಾಕು, ಎರಡಡಿಗೆ ಸಾಲದು. ನನ್ನ ಅಭಿಪ್ರಾಯದಲ್ಲಿ, ಭತ್ತವನ್ನು ಕೈಬಿಟ್ಟ ಗಜನಿ ಹಕ್ಕಿಗೆ ಮಾತ್ರವಲ್ಲ, ಒಡೆಯನಿಗೂ ಬರಬರುತ್ತಾ ನಷ್ಟವೇ. ಕಗ್ಗದ ಬೀಜ ಒಮ್ಮೆ ಕೈತಪ್ಪಿದರೆ ನೆರೆಯನ್ನೂ ಉಪ್ಪನ್ನೂ ಸಹಿಸುವ ಇಂಥ ತಳಿಯನ್ನು ಪೇಟೆಯಲ್ಲಿ ಕೊಳ್ಳಲಾಗದು.

ಹಕ್ಕಿಗಳು ಸಿಗಡಿ ತಿನ್ನುತ್ತವೆಂಬ ದೂರು ಸುಳ್ಳಲ್ಲ. ಬೆಳ್ಳಕ್ಕಿ, ನೀರುಕಾಗೆಗಳು ತಿನ್ನುತ್ತವೆ. ಆದರೆ ಕೆಸರು ಕುಕ್ಕುವ ವಲಸೆ ಹಕ್ಕಿಗಳ ಮುಖ್ಯ ಆಹಾರ ಹುಳುಗಳು. ಬೇಡದ ಮೀನನ್ನು ಕೊಲ್ಲಲು ಕೀಟನಾಶಕ ಸುರಿದರೆ ಈ ಹುಳುಗಳು ಸಾಯುತ್ತವೆ, ವಿಷವುಂಡ ಹುಳು ತಿಂದು ಹಕ್ಕಿ ಸಾಯುತ್ತದೆ, ಇಳಿತದ ನೀರಿನೊಂದಿಗೆ ವಿಷ ಪಕ್ಕದವರ ಗಜನಿಗೂ ಹೊಳೆಯ ಬಳಚಿಗೂ ತಲುಪುತ್ತದೆ. ಇದನ್ನು ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು. ತೂಬಿನ ಬಾಯಿಗೆ ಒಳ್ಳೆಯ ಬಲೆ ಕಟ್ಟಿ, ಇಳಿತದಲ್ಲಿ ನೀರು ಪೂರ್ತಿ ಬಸಿದು ಬೇಡದ ಮೀನು ಹಿಡಿಯುವ ಹಳೆಯ ಕ್ರಮವೇ ಮೇಲು.

ಇನ್ನೊಂದು ಬಗೆಯ ಅತಿಥಿಗಳು ಮುಂಗಾರಿಗೆ ಮುಂಚಿನ ಬಿರುಗಾಳಿಯೊಡನೆ ಬರುತ್ತವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಸಾಗಿದ್ದು ನೆನಪಿರಬಹುದು. ಇಂಥ ಗಾಳಿಗೆ ಸಿಕ್ಕ ನಡುಗಡಲಿನ ಹಕ್ಕಿಗಳು ಬಳಲಿ ದಡಕ್ಕೋ ತೋಟಕ್ಕೋ ಬೀಳುತ್ತವೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಬಾಲ ಕವಲಾದ ಸೂಟಿ ಟರ್ನ್ ಅಂಥದೊಂದು. ಲಕ್ಷದ್ವೀಪದ ಪಿಟ್ಟಿ ನಡುಗಡ್ಡೆ ಇದರ ಗೂಡುತಾಣ. ಸಿಕ್ಕರೆ ಮೇಲಕ್ಕೆಸೆದು ಹಾರಿಸಲು ನೋಡಬೇಡಿರಿ, ಸಮುದ್ರಕ್ಕೂ ಬಿಡಬೇಡಿರಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲೆಯಲ್ಲಿ ಸದ್ದಿಲ್ಲದ ಕಡೆ ಇರಿಸಿ, ಬಾಯಿಗೆ ನೀರು ಹೊಯ್ಯದೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿರಿ. ಕಾಲಿನಲ್ಲಿ ಉಂಗುರವಿದ್ದರೆ ಬಿಚ್ಚದೆ ಅದರ ಬಣ್ಣ, ಅಕ್ಷರ, ಸಂಖ್ಯೆ, ಸಿಕ್ಕ ದಿನ ಮತ್ತು ಸ್ಥಳವನ್ನು ಬರೆದಿಟ್ಟುಕೊಂಡು ಅರಣ್ಯ ಕಚೇರಿಗೆ ಕೊಡಿರಿ. ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೂ ಬರೆಯಬಹುದು.