ಯೋಧರ ತ್ಯಾಗಕ್ಕೆ ಗೌರವ: ಸಿಕಂದರಾಬಾದಿನ ಸ್ಮಾರಕ ಮತ್ತು ದಾಖಲೆ ಕಚೇರಿಗಳು

ಸಿಕಂದರಾಬಾದಿನ ಪರೇಡ್ ಮೈದಾನದಲ್ಲಿ ‘ವೀರುಲ ಸೈನಿಕ ಸ್ಮಾರಕ’ವಿದೆ. ತೆಲುಗಿನ ‘ವೀರುಲ’ ಎಂಬ ಪದಕ್ಕೆ ‘ವೀರರ’ ಎಂದರ್ಥ. ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವದಂದು ತೆಲಂಗಾಣದ ಮುಖ್ಯಮಂತ್ರಿಗಳು ಇಲ್ಲಿ ಪುಷ್ಪಚಕ್ರವನ್ನಿರಿಸಿ, ದೇಶಕ್ಕಾಗಿ ಪ್ರಾಣಾರ್ಪಣೆ ಮಾಡಿದ ಯೋಧರಿಗೆ ನಮನ ಸಲ್ಲಿಸುವುದು ವಾಡಿಕೆಯಾಗಿದೆ.

ಇದೇ ಊರಿನ ದಂಡು ಪ್ರದೇಶದಲ್ಲಿ ಭೂಸೇನೆಯ ಎರಡು ದಾಖಲೆ ಕಚೇರಿಗಳಿವೆ. ಒಂದು, ಸೈನ್ಯದ ಯಂತ್ರೋಪಕರಣಗಳನ್ನು ದುರಸ್ತಿ ಮಾಡುವ ಇ.ಎಂ.ಇ. ದಳಕ್ಕೆ ಸೇರಿದ್ದು. ಇನ್ನೊಂದು, ಶಸ್ತ್ರಾಸ್ತ್ರ ಮತ್ತು ಸಾಮಗ್ರಿಗಳನ್ನು ಒದಗಿಸುವ ಆರ್ಡ್ನೆನ್ಸ್ ದಳಕ್ಕೆ ಸೇರಿದ್ದು. ಈ ದಳಗಳಿಗೆ ಸೇರಿದ ಯೋಧನ ಊರು ಕೊಡಗಿರಲಿ, ವಿಜಯಪುರವಿರಲಿ, ಆತನ ಸೇವಾ ವಿವರಗಳು ಇಲ್ಲಿನ ಕಡತಗಳಲ್ಲಿ ಇರುತ್ತವೆ. ಕಚೇರಿಯಲ್ಲಿ ಕಹಳೆಯ ಧ್ವನಿಯಿಲ್ಲ, ಪುಷ್ಪಚಕ್ರವಿಲ್ಲ. ಆದರೆ ಯೋಧನ ಮನೆಯವರ ಮುಂದಿನ ಬದುಕು ಬಹುಮಟ್ಟಿಗೆ ಈ ಕಡತಗಳನ್ನೇ ಅವಲಂಬಿಸಿರುತ್ತದೆ. ಸ್ಮಾರಕವು ಮಡಿದವರ ನೆನಪನ್ನು ಉಳಿಸುತ್ತದೆ. ದಾಖಲೆಯು ಅವರನ್ನು ನಂಬಿದ್ದವರ ಬದುಕನ್ನು ಉಳಿಸುತ್ತದೆ. ಇವೆರಡೂ ಕೂಡಿದಾಗ ಮಾತ್ರ ರಾಷ್ಟ್ರವು ಸಲ್ಲಿಸುವ ಗೌರವ ಪೂರ್ಣವಾಗುತ್ತದೆ.

ದಂಡಿನ ಊರು

ಹೈದರಾಬಾದಿನ ನಿಜಾಮರಿಗೂ ಈಸ್ಟ್ ಇಂಡಿಯಾ ಕಂಪನಿಗೂ 1798ರಲ್ಲಿ ಒಪ್ಪಂದವಾದ ಬಳಿಕ ಹುಸೇನ್ ಸಾಗರದ ಉತ್ತರಕ್ಕೆ ಸೈನ್ಯದ ಬೀಡು ಬೆಳೆಯಿತು. ಈ ಬೀಡಿಗೆ 1806ರಲ್ಲಿ ಅಂದಿನ ನಿಜಾಮ ಸಿಕಂದರ್ ಜಾ ಅವರ ಹೆಸರನ್ನಿಡಲಾಯಿತು. ಅಂದಿನಿಂದ ಸಿಕಂದರಾಬಾದು ದಂಡಿನ ಊರಾಗಿಯೇ ಉಳಿದಿದೆ.

ಈ ಸೀಮೆಯ ಸೈನಿಕ ಪರಂಪರೆಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ಮೊದಲನೆಯ ಮಹಾಯುದ್ಧದಲ್ಲಿ ಹೈದರಾಬಾದ್, ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳು ಒಂದೇ ಬ್ರಿಗೇಡಿನಲ್ಲಿ ಸೇವೆ ಸಲ್ಲಿಸಿದವು. 1918ರ ಸೆಪ್ಟೆಂಬರ್ 23ರಂದು ಮೈಸೂರು ಹಾಗೂ ಜೋಧಪುರದ ಸವಾರರು ಹೈಫಾ ಪಟ್ಟಣವನ್ನು ಗೆದ್ದುಕೊಂಡರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ 1922ರಲ್ಲಿ ನಿಲ್ಲಿಸಲಾದ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಯೋಧರನ್ನು ಪ್ರತಿನಿಧಿಸುತ್ತವೆ.

ಹೈದರಾಬಾದಿನ ಹೆಸರನ್ನು ಹೊತ್ತ ಪದಾತಿ ರೆಜಿಮೆಂಟಿಗೆ 1945ರಲ್ಲಿ ಕುಮಾವ್ ರೆಜಿಮೆಂಟ್ ಎಂದು ಮರುನಾಮಕರಣವಾಯಿತು. ಮುಂದೆ ಭೂಸೇನೆಯ ಮುಖ್ಯಸ್ಥರಾದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಹೈದರಾಬಾದ್ ರೆಜಿಮೆಂಟಿನ ಒಂದು ಪಡೆಯನ್ನು ಬರ್ಮಾ ರಣರಂಗದಲ್ಲಿ ಮುನ್ನಡೆಸಿದ್ದರು. ಆ ಪಡೆಯಲ್ಲಿದ್ದ ಸೋಮನಾಥ ಶರ್ಮಾ ಎಂಬ ಯುವ ಅಧಿಕಾರಿ 1947ರ ನವೆಂಬರ್ 3ರಂದು ಕಾಶ್ಮೀರದ ಬಡ್ಗಾಮಿನಲ್ಲಿ ಹೋರಾಡುತ್ತ ಮಡಿದು, ಸ್ವತಂತ್ರ ಭಾರತದ ಮೊದಲ ಪರಮವೀರ ಚಕ್ರಕ್ಕೆ ಪಾತ್ರರಾದರು.

ವೀರಗಲ್ಲಿನ ಪರಂಪರೆ

ಮಡಿದ ಯೋಧನನ್ನು ಸ್ಮರಿಸುವುದು ಕನ್ನಡಿಗರಿಗೆ ಹೊಸದಲ್ಲ. ನಾಡಿನ ಹಳ್ಳಿಹಳ್ಳಿಗಳಲ್ಲಿ ವೀರಗಲ್ಲುಗಳಿವೆ. ಅವುಗಳ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಸ್ವರ್ಗದ ಚಿತ್ರಣ ಕಂಡುಬರುವುದು ಸಾಮಾನ್ಯ. ಆದರೆ ಅನೇಕ ವೀರಗಲ್ಲುಗಳ ಶಾಸನಭಾಗದಲ್ಲಿ ಇನ್ನೊಂದು ಸಂಗತಿಯೂ ಇರುತ್ತದೆ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಟ್ಟ ವಿವರವೇ ಅದು. ಇಂತಹ ದಾನವನ್ನು ‘ನೆತ್ತರುಗೊಡಗೆ’ ಎಂದೂ ‘ಕಲ್ನಾಡು’ ಎಂದೂ ಶಾಸನಗಳು ಕರೆದಿವೆ.

ಬೆಂಗಳೂರಿನ ಬಳಿಯ ಬೇಗೂರಿನಲ್ಲಿ ದೊರೆತ, ಸುಮಾರು ಸಾವಿರದ ನೂರು ವರ್ಷಗಳಷ್ಟು ಹಳೆಯದಾದ ಗಂಗರ ಕಾಲದ ವೀರಗಲ್ಲು ಇದಕ್ಕೆ ಉತ್ತಮ ನಿದರ್ಶನ. ನಾಗತ್ತರನೆಂಬ ನಾಯಕನು ಯುದ್ಧದಲ್ಲಿ ಮಡಿದಾಗ, ಗಂಗರ ಅರಸ ಎರೆಯಪ್ಪನು ಅವನ ಪದವಿಯನ್ನು ಇರುಗನಿಗೆ ನೀಡಿ, ಬೇಗೂರು ಮೊದಲಾದ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಬಿಟ್ಟುಕೊಟ್ಟನೆಂದು ಅದು ತಿಳಿಸುತ್ತದೆ. ಕಲ್ಲನ್ನು ನೆಡಿಸಿದವರು ಅನ್ನದ ದಾರಿಯನ್ನೂ ಬರೆಯಿಸಿದರು. ಇಂದಿನ ಕುಟುಂಬ ಪಿಂಚಣಿಯ ಹಿಂದೆ ಇರುವುದೂ ಇದೇ ತತ್ತ್ವ. ಅದು ದಯೆಯಿಂದ ಕೊಡುವ ದಾನವಲ್ಲ, ರಾಷ್ಟ್ರವು ತೀರಿಸುವ ಋಣ.

ಮಡಿದವರು ಮತ್ತು ಉಳಿದವರು

1999ರ ಕಾರ್ಗಿಲ್ ಸಮರದಲ್ಲಿ ಹೈದರಾಬಾದಿನ ಮೇಜರ್ ಪದ್ಮಪಾಣಿ ಆಚಾರ್ಯ ಅವರು ಜೂನ್ 28ರಂದು ದ್ರಾಸ್ ವಲಯದ ಶಿಖರವೊಂದನ್ನು ಮರಳಿ ಪಡೆಯುವ ಕಾರ್ಯಾಚರಣೆಯಲ್ಲಿ ವೀರಮರಣವನ್ನಪ್ಪಿದರು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ತಂದೆಯ ಮುಖವನ್ನು ಕಾಣದ ಮಗಳು ಅವರ ಮರಣದ ಅನಂತರ ಜನಿಸಿದಳು.

2020ರ ಜೂನ್ 15ರ ರಾತ್ರಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ 20 ಮಂದಿ ಭಾರತೀಯ ಯೋಧರು ಮಡಿದರು. ಅವರಲ್ಲಿ 16 ಬಿಹಾರ್ ಪಡೆಯ ದಂಡನಾಯಕರಾಗಿದ್ದ, ತೆಲಂಗಾಣದ ಸೂರ್ಯಾಪೇಟೆಯ ಕರ್ನಲ್ ಬಿ. ಸಂತೋಷ್ ಬಾಬು ಅವರೂ ಒಬ್ಬರು. ಅವರಿಗೆ ಸಂದ ಮಹಾವೀರ ಚಕ್ರವನ್ನು 2021ರಲ್ಲಿ ರಾಷ್ಟ್ರಪತಿಗಳಿಂದ ಸ್ವೀಕರಿಸಿದವರು ಅವರ ಪತ್ನಿ ಮತ್ತು ತಾಯಿ.

ಯೋಧನ ಸಾವು ಯಾವಾಗಲೂ ಶತ್ರುವಿನ ಗುಂಡಿನಿಂದಲೇ ಬರುವುದಿಲ್ಲ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಕಾವಲು ಠಾಣೆಯ ಮೇಲೆ ಹಿಮಪಾತವಾದಾಗ ಒಂಬತ್ತು ಮಂದಿ ಸಂಗಾತಿಗಳೊಡನೆ ಹೂತುಹೋದರು. ಹಲವು ದಿನಗಳ ಶೋಧದ ಬಳಿಕ ಅವರೊಬ್ಬರೇ ಜೀವಸಹಿತ ದೊರೆತರು. ನಾಡೆಲ್ಲ ಹರಕೆ ಹೊತ್ತರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಇಂತಹ ಸಂದರ್ಭಗಳಲ್ಲಿ ಜನಸ್ತೋಮ ಸೇರುತ್ತದೆ, ಕುಶಾಲು ತೋಪುಗಳ ಗೌರವ ಸಲ್ಲುತ್ತದೆ. ಹನ್ನೆರಡನೆಯ ದಿನದ ಕಾರ್ಯ ಮುಗಿದು ನೆಂಟರು ಹಿಂದಿರುಗಿದ ಮೇಲೆ ಮನೆಯಲ್ಲಿ ಉಳಿಯುವವರು ವೃದ್ಧ ತಂದೆತಾಯಿ, ಪತ್ನಿ ಮತ್ತು ಮಕ್ಕಳು. ಸೇನೆಯ ಭಾಷೆಯಲ್ಲಿ ‘ವೀರ ನಾರಿ’ ಎಂದು ಗೌರವಿಸಲ್ಪಡುವ ಆ ಪತ್ನಿಯ ನಿಜವಾದ ಹೋರಾಟ ಆರಂಭವಾಗುವುದು ಅನಂತರವೇ.

ದಾಖಲೆಯ ಮಹತ್ವ

ಭೂಸೇನೆಯ ಜವಾನರು ಮತ್ತು ಕಿರಿಯ ಆಯೋಗಾಧಿಕಾರಿಗಳ ಸೇವಾ ವಿವರಗಳನ್ನು ಆಯಾ ರೆಜಿಮೆಂಟು ಅಥವಾ ದಳದ ದಾಖಲೆ ಕಚೇರಿ ನಿರ್ವಹಿಸುತ್ತದೆ. ಮರಾಠಾ ಲಘು ಪದಾತಿ ದಳಕ್ಕೆ ಬೆಳಗಾವಿಯಲ್ಲಿ, ಮದ್ರಾಸ್ ಇಂಜಿನಿಯರ್ ಗ್ರೂಪಿಗೆ ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲಿಂಗ್ಟನ್ನಿನಲ್ಲಿ, ಇ.ಎಂ.ಇ. ಹಾಗೂ ಆರ್ಡ್ನೆನ್ಸ್ ದಳಗಳಿಗೆ ಸಿಕಂದರಾಬಾದಿನಲ್ಲಿ ಈ ಕಚೇರಿಗಳಿವೆ. ಯೋಧನು ಸೇರಿದ ದಿನ, ಆತನ ವಿವಾಹ, ಮಕ್ಕಳ ಜನನ, ವಿಮೆ ಹಾಗೂ ಭವಿಷ್ಯ ನಿಧಿಯ ನಾಮನಿರ್ದೇಶನ ಮುಂತಾದವು ಇಲ್ಲಿ ದಾಖಲಾಗಿರುತ್ತವೆ. ವಿವಾಹ ಮತ್ತು ಜನನದ ವಿವರಗಳನ್ನು ಸೇನಾ ಘಟಕವು ‘ಪಾರ್ಟ್-2 ಆದೇಶ’ವೆಂಬ ಪ್ರಕಟಣೆಯ ಮೂಲಕ ದಾಖಲೆ ಕಚೇರಿಗೆ ತಿಳಿಸುತ್ತದೆ.

ಕುಟುಂಬಗಳ ತೊಂದರೆ ಅನೇಕ ವೇಳೆ ಹುಟ್ಟಿಕೊಳ್ಳುವುದು ಇಲ್ಲಿಯೇ. ರಜೆಯಲ್ಲಿ ಬಂದು ಮದುವೆಯಾದ ಯೋಧನು ಅದನ್ನು ಘಟಕಕ್ಕೆ ತಿಳಿಸಿರುವುದಿಲ್ಲ. ಪತ್ನಿಯ ಹೆಸರು ದಾಖಲೆಯಲ್ಲಿ ಒಂದು ರೀತಿ, ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ ಇರುತ್ತದೆ. ಮಗುವಿನ ಜನ್ಮದಿನಾಂಕ ತಾಳೆಯಾಗುವುದಿಲ್ಲ. ಕನ್ನಡದಲ್ಲಿ ಒಂದೇ ಆಗಿರುವ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆದುದೇ ತಿಂಗಳುಗಟ್ಟಲೆ ವಿಳಂಬಕ್ಕೆ ಕಾರಣವಾಗಬಹುದು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ತಾನು ಆತನ ಹೆಂಡತಿಯೆಂದು ಪ್ರಮಾಣಪತ್ರಗಳ ಮೂಲಕ ಸಾಧಿಸಬೇಕಾಗಿ ಬರುವುದು ಅತ್ಯಂತ ನೋವಿನ ಸಂಗತಿ. ಯೋಧನು ಸೇವೆಯಲ್ಲಿರುವಾಗಲೇ ಈ ವಿವರಗಳನ್ನು ಸರಿಪಡಿಸಿಕೊಂಡರೆ ಇದನ್ನು ತಪ್ಪಿಸಬಹುದು.

ಕುಟುಂಬ ಪಿಂಚಣಿಯ ಬಗೆಗಳು

ಮರಣದ ಕಾರಣವನ್ನು ಅನುಸರಿಸಿ ಕುಟುಂಬ ಪಿಂಚಣಿಯನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಲಾಗಿದೆ. ಸೇವೆಗೆ ಸಂಬಂಧಿಸದ ಕಾರಣದಿಂದ ಮರಣ ಸಂಭವಿಸಿದರೆ ಸಾಮಾನ್ಯ ಕುಟುಂಬ ಪಿಂಚಣಿ ದೊರೆಯುತ್ತದೆ. ಸೇವೆಯ ಕಾರಣದಿಂದ ಉಂಟಾದ ಅಪಘಾತ ಅಥವಾ ರೋಗದಿಂದ ಮರಣವಾದರೆ ವಿಶೇಷ ಕುಟುಂಬ ಪಿಂಚಣಿಯಿದೆ. ಇದು ಕೊನೆಯ ವೇತನದ ಶೇಕಡಾ 60ರಷ್ಟು. ಯುದ್ಧ ಅಥವಾ ಯುದ್ಧಸದೃಶ ಕಾರ್ಯಾಚರಣೆಯಲ್ಲಿ ಮಡಿದವರ ಕುಟುಂಬಕ್ಕೆ ಕೊನೆಯ ವೇತನದಷ್ಟೇ ಮೊತ್ತದ ಉದಾರೀಕೃತ ಕುಟುಂಬ ಪಿಂಚಣಿ ಸಲ್ಲುತ್ತದೆ. ಅವಿವಾಹಿತ ಯೋಧನನ್ನು ಅವಲಂಬಿಸಿದ್ದ ತಂದೆತಾಯಿಗಳಿಗೂ ಪಿಂಚಣಿಯ ಅವಕಾಶವಿದೆ.

ಇದಲ್ಲದೆ ಕೇಂದ್ರ ಸರ್ಕಾರವು ಪರಿಹಾರಧನವನ್ನೂ ನೀಡುತ್ತದೆ. 2016ರಲ್ಲಿ ಪರಿಷ್ಕರಿಸಲಾದ ದರಗಳಂತೆ, ಕರ್ತವ್ಯದಲ್ಲಿರುವಾಗ ಅಪಘಾತದಿಂದ ಅಥವಾ ಭಯೋತ್ಪಾದಕರ ಕೃತ್ಯದಿಂದ ಮಡಿದರೆ 25 ಲಕ್ಷ ರೂಪಾಯಿ, ಗಡಿ ಚಕಮಕಿಯಲ್ಲಿ ಮಡಿದರೆ 35 ಲಕ್ಷ ರೂಪಾಯಿ, ಯುದ್ಧದಲ್ಲಿ ಶತ್ರುವಿನ ಕೃತ್ಯದಿಂದ ಮಡಿದರೆ 45 ಲಕ್ಷ ರೂಪಾಯಿ ಎಂದು ನಿಗದಿಪಡಿಸಲಾಯಿತು. ಎತ್ತರದ ದುರ್ಗಮ ಗಡಿ ಠಾಣೆಗಳಲ್ಲಿ ಪ್ರಕೃತಿ ವಿಕೋಪಕ್ಕೆ ತುತ್ತಾದವರನ್ನೂ 35 ಲಕ್ಷ ರೂಪಾಯಿಯ ವರ್ಗಕ್ಕೆ ಸೇರಿಸಿರುವುದು ಗಮನಾರ್ಹ. ಹಿಮದಲ್ಲಿ ಹೂತುಹೋದವನೂ ಗಡಿಯನ್ನು ಕಾಯುತ್ತಲೇ ಮಡಿದವನೆಂಬುದನ್ನು ನಿಯಮವು ಒಪ್ಪಿಕೊಂಡಿದೆ.

ವಿಮೆಯ ಹಣವು ನಾಮನಿರ್ದೇಶನವನ್ನು ಅನುಸರಿಸುತ್ತದೆ. ಪತ್ನಿ ಮತ್ತು ತಂದೆತಾಯಿಗಳ ನಡುವೆ ಮುಂದೆ ಮನಸ್ತಾಪ ಬಾರದಂತೆ ಯೋಧನು ಇದನ್ನು ವಿವೇಚನೆಯಿಂದ ಬರೆದಿಡುವುದು ಒಳಿತು.

ಸೈನಿಕ ಮಂಡಳಿಗಳು ಮತ್ತು ಧ್ವಜ ದಿನ

ಮಾಜಿ ಸೈನಿಕರು ಹಾಗೂ ಯೋಧರ ಕುಟುಂಬಗಳ ಕ್ಷೇಮವನ್ನು ನೋಡಿಕೊಳ್ಳಲು ರಕ್ಷಣಾ ಸಚಿವರ ಅಧ್ಯಕ್ಷತೆಯಲ್ಲಿ ಕೇಂದ್ರೀಯ ಸೈನಿಕ ಮಂಡಳಿಯಿದೆ. ಅದರ ಕಾರ್ಯವನ್ನು ರಾಜ್ಯ ಹಾಗೂ ಜಿಲ್ಲಾ ಮಟ್ಟದ ಕಚೇರಿಗಳು ಜನರ ಬಳಿಗೆ ತಲುಪಿಸುತ್ತವೆ. ಕರ್ನಾಟಕದಲ್ಲಿ ಈ ಹೊಣೆಯನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ವಹಿಸಿಕೊಂಡಿದೆ. ಯೋಧರ ಪತ್ನಿಯರಿಗೆ ಗುರುತಿನ ಚೀಟಿ ನೀಡುವುದು, ದಾಖಲೆ ಕಚೇರಿಯೊಡನೆ ಪತ್ರವ್ಯವಹಾರ ನಡೆಸಲು ನೆರವಾಗುವುದು, ಮಕ್ಕಳ ವಿದ್ಯಾಭ್ಯಾಸ ಹಾಗೂ ಹೆಣ್ಣುಮಕ್ಕಳ ವಿವಾಹಕ್ಕೆ ದೊರೆಯುವ ಸಹಾಯಧನದ ಅರ್ಜಿಗಳನ್ನು ಮುಂದಕ್ಕೆ ಕಳುಹಿಸುವುದು ಜಿಲ್ಲಾ ಕಚೇರಿಗಳ ಕೆಲಸ. ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ ವೈದ್ಯಕೀಯ ನೆರವು ನೀಡುವ ಯೋಜನೆಯೊಂದು 2003ರಲ್ಲಿ ಜಾರಿಗೆ ಬಂದಿತು. ವೃತ್ತಿಶಿಕ್ಷಣ ಪಡೆಯುವ ಮಕ್ಕಳಿಗಾಗಿ ಪ್ರಧಾನಮಂತ್ರಿಗಳ ವಿದ್ಯಾರ್ಥಿವೇತನ ಯೋಜನೆಯಿದೆ.

ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸಲಾಗುತ್ತದೆ. ಈ ಪದ್ಧತಿ 1949ರಲ್ಲಿ ಆರಂಭವಾಯಿತು. ಅಂದು ಹಂಚುವ ಪುಟ್ಟ ಧ್ವಜದ ಕೆಂಪು, ಕಡುನೀಲಿ ಮತ್ತು ತಿಳಿನೀಲಿ ಬಣ್ಣಗಳು ಕ್ರಮವಾಗಿ ಭೂಸೇನೆ, ನೌಕಾಪಡೆ ಹಾಗೂ ವಾಯುಪಡೆಯನ್ನು ಸೂಚಿಸುತ್ತವೆ. ಬೇರೆ ಬೇರೆಯಾಗಿದ್ದ ಕಲ್ಯಾಣ ನಿಧಿಗಳನ್ನು 1993ರಲ್ಲಿ ಒಂದುಗೂಡಿಸಿ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಯನ್ನು ಸ್ಥಾಪಿಸಲಾಯಿತು. ಸಂಗ್ರಹವಾದ ಹಣವು ಸಮರದಲ್ಲಿ ಮಡಿದವರ ಕುಟುಂಬಗಳು, ಅಂಗವಿಕಲರಾದ ಯೋಧರು ಮತ್ತು ಮಾಜಿ ಸೈನಿಕರ ಪುನರ್ವಸತಿಗೆ ವಿನಿಯೋಗವಾಗುತ್ತದೆ.

ನಾಗರಿಕರ ಕರ್ತವ್ಯ

ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಲೋಕಾರ್ಪಣೆಗೊಂಡ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ ಯೋಧರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. ಅಲ್ಲಿಗೆ ಹೋಗಿ ತಲೆಬಾಗುವುದು ಎಲ್ಲರಿಗೂ ಸಾಧ್ಯವಾಗಲಾರದು. ಆದರೆ ತಮ್ಮ ಊರಿನ ಯೋಧನ ಮನೆಯನ್ನು ಮರೆಯದಿರುವುದು ಎಲ್ಲರಿಗೂ ಸಾಧ್ಯ.

ಅಕ್ಷರ ಬಲ್ಲವರು ಯೋಧನ ಪತ್ನಿಯೊಡನೆ ಕುಳಿತು ದಾಖಲೆ ಕಚೇರಿಯಿಂದ ಬಂದ ಪತ್ರವನ್ನು ಓದಿ ವಿವರಿಸಬಹುದು. ಜನನ ಪ್ರಮಾಣಪತ್ರ ಹಾಗೂ ವಂಶವೃಕ್ಷ ನೀಡುವ ಸ್ಥಳೀಯ ಕಚೇರಿಗಳು ಆಕೆಯ ಅರ್ಜಿಯನ್ನು ಮೊದಲು ಕೈಗೆತ್ತಿಕೊಳ್ಳಬಹುದು. ಶಾಲೆಯ ಉಪಾಧ್ಯಾಯರು ವಿದ್ಯಾರ್ಥಿವೇತನದ ಕೊನೆಯ ದಿನಾಂಕವನ್ನು ಮಕ್ಕಳಿಗೆ ನೆನಪಿಸಬಹುದು. ಪಿಂಚಣಿ ಮುಂದುವರಿಯಲು ಪ್ರತಿವರ್ಷ ಸಲ್ಲಿಸಬೇಕಾದ ಜೀವಿತ ಪ್ರಮಾಣಪತ್ರಕ್ಕಾಗಿ ವೃದ್ಧ ತಾಯಿಯನ್ನು ಕರೆದೊಯ್ಯಲು ನೆರೆಮನೆಯ ಯುವಕನೊಬ್ಬ ಮುಂದೆ ಬಂದರೆ ಅದೂ ದೇಶಸೇವೆಯೇ.

ಸಿಕಂದರಾಬಾದಿನ ಸ್ಮಾರಕಕ್ಕೆ ವರ್ಷದಲ್ಲಿ ಕೆಲವು ದಿನ ಪುಷ್ಪಚಕ್ರ ಬರುತ್ತದೆ. ಅದೇ ಊರಿನ ದಾಖಲೆ ಕಚೇರಿಗಳಿಗೆ ವರ್ಷವಿಡೀ ಯೋಧರ ಮನೆಗಳಿಂದ ಪತ್ರಗಳು ಬರುತ್ತವೆ. ಆ ಒಂದೊಂದು ಪತ್ರಕ್ಕೂ ಸಕಾಲದಲ್ಲಿ ಸರಿಯಾದ ಉತ್ತರ ದೊರೆಯುವಂತಾದರೆ, ಮಡಿದವರ ನೆನಪು ಕಲ್ಲಿನಲ್ಲಷ್ಟೇ ಅಲ್ಲದೆ ಅವರ ಮನೆಯ ದೀಪದಲ್ಲಿಯೂ ಬೆಳಗುತ್ತಿರುತ್ತದೆ.