ಮನೆ ಕೊಳ್ಳುವವರಿಗೆ ತೆರಿಗೆ ರಿಯಾಯಿತಿ: ಲಾಭ ಯಾರ ಕೈಗೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ ಕಾಲದಲ್ಲಿ ಆದಾಯ ತೆರಿಗೆಯ ಮಾತು ಇರಲಿಲ್ಲ. ಈಗ ಸಣ್ಣ ಬೆಳೆಗಾರನ ಜಗಲಿಯಲ್ಲೂ ಆ ಮಾತು ಬರುತ್ತದೆ. ಮಕ್ಕಳ ಓದಿಗೆಂದೋ ಮುಪ್ಪಿನ ಕಾಲಕ್ಕೆಂದೋ ಪೇಟೆಯಲ್ಲಿ ಒಂದು ಮನೆ ಕೊಳ್ಳುವ ಯೋಚನೆ ಹುಟ್ಟಿದೊಡನೆ, "ತೆರಿಗೆಯಲ್ಲಿ ರಿಯಾಯಿತಿ ಇದೆ, ಮಾರ್ಚ್ ಒಳಗೆ ಮುಗಿಸಿಬಿಡಿ" ಎಂದು ದಲ್ಲಾಳಿಗಳು ಅವಸರ ಮಾಡುತ್ತಾರೆ. ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಸಮಯವೂ ಅದೇ. ಇಂಥ ರಿಯಾಯಿತಿಯ ಲಾಭ ಕೊನೆಗೆ ಯಾರಿಗೆ ಸೇರುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಅನುಭವ ಉಪಯುಕ್ತವೆಂದು ಭಾವಿಸಿ, ಅದನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ.

ಅಮೆರಿಕದಲ್ಲಿ ನಡೆದದ್ದು

ಆ ದೇಶದಲ್ಲಿ 2006ರ ನಂತರ ಮನೆಗಳ ಬೆಲೆ ಇಳಿಯತೊಡಗಿತು. ಸಾಲ ತೀರಿಸಲಾಗದವರ ಮನೆಗಳು ಬ್ಯಾಂಕುಗಳ ವಶಕ್ಕೆ ಹೋದವು. ಮಾರುವವರು ಹೆಚ್ಚಿ, ಕೊಳ್ಳುವವರು ಇಲ್ಲದಂತಾಯಿತು. ಆಗ, 2008ರ ಜುಲೈನಲ್ಲಿ, ಸರ್ಕಾರ ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ ಬೆಲೆಯ ಶೇಕಡ 10ರಷ್ಟು, ಗರಿಷ್ಠ 7,500 ಡಾಲರ್‌ಗಳನ್ನು ತೆರಿಗೆಯಲ್ಲಿ ಬಿಟ್ಟುಕೊಡುವ ಕಾನೂನು ಮಾಡಿತು. ಆದರೆ ಅದು ಬಡ್ಡಿಯಿಲ್ಲದ ಸಾಲ. ವರ್ಷಕ್ಕೆ 500 ಡಾಲರ್‌ನಂತೆ 15 ವರ್ಷಗಳಲ್ಲಿ ಹಿಂದಿರುಗಿಸಬೇಕಿತ್ತು.

2009ರ ಫೆಬ್ರವರಿಯಲ್ಲಿ ಮೊತ್ತವನ್ನು 8,000 ಡಾಲರ್‌ಗೆ ಏರಿಸಿ, ಮೂರು ವರ್ಷ ಅದೇ ಮನೆಯಲ್ಲಿ ವಾಸಿಸಿದರೆ ಹಿಂದಿರುಗಿಸಬೇಕಿಲ್ಲ ಎಂದರು. ಹೀಗಾಗಿ 2008ರ ಡಿಸೆಂಬರ್‌ನಲ್ಲಿ ಮನೆ ಕೊಂಡವನು ಸಾಲಗಾರನಾದ. ಪಕ್ಕದ ಮನೆಯನ್ನು ಮರು ತಿಂಗಳು ಕೊಂಡವನಿಗೆ ಹಣ ದಾನವಾಗಿ ಬಂತು!

ಈ ರಿಯಾಯಿತಿಯ ವಿಶೇಷವೆಂದರೆ, ಕಟ್ಟಬೇಕಾದ ತೆರಿಗೆ ಕಡಿಮೆಯಿದ್ದರೂ ಉಳಿದ ಹಣವನ್ನು ಸರ್ಕಾರ ಕೈಗೆ ಕೊಡುತ್ತಿತ್ತು. ಆದ್ದರಿಂದ ಸಣ್ಣ ಆದಾಯದವರಿಗೂ ಪ್ರಯೋಜನವಾಯಿತು. ಮೋಸವೂ ನಡೆಯಿತು. ಸೆರೆಮನೆಯಲ್ಲಿದ್ದ ಸುಮಾರು 1,300 ಮಂದಿಯೂ ಮನೆ ಕೊಂಡೆವೆಂದು ಹೇಳಿ ಹಣ ಪಡೆದಿದ್ದರೆಂಬುದು 2010ರಲ್ಲಿ ಸರ್ಕಾರಿ ತಪಾಸಣೆಯಿಂದ ಬಯಲಾಯಿತು.

ಗಡುವು ಕಳೆದ ಮೇಲೆ

ಒಮ್ಮೆ ವಿಸ್ತರಿಸಿದ ಬಳಿಕ ಕೊನೆಯ ಗಡುವು 2010ರ ಏಪ್ರಿಲ್ 30 ಎಂದಾಯಿತು. ಅಷ್ಟರೊಳಗೆ ಕರಾರು ಆಗಬೇಕಿತ್ತು. ಜನ ಮುಗಿಬಿದ್ದು ಕೊಂಡರು. ಆಮೇಲೆ? ಜುಲೈನಲ್ಲಿ ಹಳೆಯ ಮನೆಗಳ ಮಾರಾಟ ಒಂದೇ ತಿಂಗಳಲ್ಲಿ ಸುಮಾರು ಶೇಕಡ 27ರಷ್ಟು ಕುಸಿಯಿತು. ಮುಂದಿನ ವರ್ಷ ಕೊಳ್ಳಬೇಕೆಂದಿದ್ದವರಲ್ಲಿ ಅನೇಕರು ಈ ವರ್ಷವೇ ಕೊಂಡಿದ್ದರು, ಅಷ್ಟೆ. ನಾಳೆ ಬರಬೇಕಾದ ಮಾಲು ಇಂದೇ ಮಂಡಿಗೆ ಬಂದರೆ ನಾಳೆ ಮಂಡಿ ಬರಿದಾಗುವುದು ನಮಗೆ ಹೊಸದಲ್ಲ. ಬೆಲೆಗಳು ಮತ್ತೆ ಇಳಿದು 2012ರ ಹೊತ್ತಿಗಷ್ಟೇ ತಳ ಕಂಡವು. ಲಾಸ್ ವೇಗಾಸ್‌ನಂಥ ಊರಿನಲ್ಲಿ 2006ರ ಬೆಲೆಯ ಅರ್ಧಕ್ಕಿಂತ ಹೆಚ್ಚು ಕರಗಿಹೋಯಿತು. ಅಂಥ ಕಡೆ 8,000 ಡಾಲರ್ ಪಡೆಯಲು ಅವಸರಪಟ್ಟವನು ಅದಕ್ಕಿಂತ ಹೆಚ್ಚನ್ನು ಮನೆಯ ಬೆಲೆಯಲ್ಲೇ ಕಳೆದುಕೊಳ್ಳುವ ಅಪಾಯವಿತ್ತು.

ಊರೂರಿಗೂ ಪರಿಣಾಮ ಬೇರೆ. 80,000 ಡಾಲರಿನ ಮನೆಗೆ ಈ ರಿಯಾಯಿತಿ ಶೇಕಡ 10; ನಾಲ್ಕು ಲಕ್ಷದ ಮನೆಗೆ ಶೇಕಡ 2 ಮಾತ್ರ. ಕೊಳ್ಳುವವರಿಗೆಲ್ಲ ಹಣ ಸಿಗುತ್ತದೆಂದು ತಿಳಿದ ಮಾರಾಟಗಾರ ಬೆಲೆ ಇಳಿಸಲು ಹಿಂಜರಿಯುವುದು ಸಹಜ. 1975ರಲ್ಲಿ ಅದೇ ದೇಶ ಹೊಸ ಮನೆಗಳಿಗೆ ಶೇಕಡ 5ರಷ್ಟು, ಗರಿಷ್ಠ 2,000 ಡಾಲರ್ ರಿಯಾಯಿತಿ ಕೊಟ್ಟಾಗ, ತಾನು ಕೇಳಿದ್ದ ಬೆಲೆಗಳಲ್ಲಿ ಇದೇ ಅತಿ ಕಡಿಮೆ ಎಂದು ಮಾರಾಟಗಾರ ಬರೆದುಕೊಡಬೇಕೆಂಬ ಷರತ್ತು ಇಟ್ಟಿತ್ತು. 2009ರಲ್ಲಿ ಅಂಥ ಕಟ್ಟುಪಾಡು ಇರಲಿಲ್ಲ.

ನಮ್ಮ ಲೆಕ್ಕ

ನಮ್ಮಲ್ಲಿರುವ ರಿಯಾಯಿತಿಯ ಬಗೆಯೇ ಬೇರೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರು ತಾವು ವಾಸಿಸುವ ಮನೆಯ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿಯವರೆಗೆ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಶೇಕಡ 30ರ ದರದಲ್ಲಿ ತೆರಿಗೆ ಕಟ್ಟುವ ನೌಕರನಿಗೆ ಇದರಿಂದ 60,000 ರೂಪಾಯಿ ಉಳಿದರೆ, ಶೇಕಡ 20ರವನಿಗೆ 40,000. ತೆರಿಗೆಯೇ ಇಲ್ಲದವನಿಗೆ ಸೊನ್ನೆ.

ಬೆಳೆಗಾರರಾದ ನಾವು ಬಹುಪಾಲು ಈ ಸೊನ್ನೆಯ ಸಾಲಿನಲ್ಲಿದ್ದೇವೆ. ಅಡಿಕೆ ತೋಟದ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಕಾಫಿ ಬೆಳೆದು, ಕ್ಯೂರಿಂಗ್ ಮಾಡಿಸಿ ಮಾರಿದರೂ ಆದಾಯದ ಶೇಕಡ 25 ಮಾತ್ರ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಆ ಸಣ್ಣ ಭಾಗ ತೆರಿಗೆಯ ಮಿತಿಯ ಕೆಳಗೇ ಉಳಿದರೆ, "ರಿಯಾಯಿತಿ"ಯ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಪೂರ್ತಿ ಬಡ್ಡಿ ನಾವೇ ಹೊರಬೇಕು.

ತೆರಿಗೆಗೆ ಸಂಬಂಧವಿಲ್ಲದೆ ನೇರವಾಗಿ ಸಾಲದ ಖಾತೆಗೆ ಹಣ ಬರುವ ಯೋಜನೆಯೂ ಇತ್ತು. 2015ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಕಡಿಮೆ ಆದಾಯದವರಿಗೆ 6 ಲಕ್ಷದವರೆಗಿನ ಸಾಲದ ಮೇಲೆ ಶೇಕಡ 6.5ರ ಬಡ್ಡಿ ಸಹಾಯ, ಅಂದರೆ ಗರಿಷ್ಠ 2.67 ಲಕ್ಷ ರೂಪಾಯಿ, ಮೊದಲೇ ಅಸಲಿಗೆ ಜಮೆಯಾಗುತ್ತಿತ್ತು. ಆ ಸಹಾಯ 2022ರ ಮಾರ್ಚ್‌ಗೆ ಮುಗಿಯಿತು. ದೇಶದಲ್ಲಿ ಎಲ್ಲಿಯೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಕೂಡದೆಂಬ ನಿಯಮದಿಂದಾಗಿ, ತೋಟದಲ್ಲಿ ಸ್ವಂತ ಹೆಸರಿನ ಮನೆಯಿದ್ದವರು ಅದರಿಂದ ಹೊರಗುಳಿದರು.

ಆದ್ದರಿಂದ ಮುಂಗಡ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ರಿಯಾಯಿತಿ ನನ್ನ ಹೆಸರಿಗೆ ನಿಜವಾಗಿ ಎಷ್ಟು ರೂಪಾಯಿ? ಅದೇ ಬಡಾವಣೆಯಲ್ಲಿ ಇತ್ತೀಚೆಗೆ ನೋಂದಣಿಯಾದ ಬೆಲೆಗಿಂತ ನನ್ನಿಂದ ಹೆಚ್ಚು ಕೇಳುತ್ತಿಲ್ಲವೇ? ಕೊಳೆರೋಗ ಬಂದು ಫಸಲು ಅರ್ಧವಾದ ವರ್ಷವೂ ಕಂತು ಕಟ್ಟಬಲ್ಲೆನೇ? ಮೊದಲನೆಯದಕ್ಕೆ ತೆರಿಗೆ ಬಲ್ಲವರ ಬಳಿಯೂ, ಎರಡನೆಯದಕ್ಕೆ ಉಪನೋಂದಣಿ ಕಚೇರಿಯಲ್ಲೂ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ನಮ್ಮ ನಮ್ಮ ಹಳೆಯ ಲೆಕ್ಕದ ಪುಸ್ತಕ ನೋಡಬೇಕು.

ಮೂರಕ್ಕೂ ಸಮಾಧಾನಕರ ಉತ್ತರ ದೊರೆತರೆ ಮನೆ ಕೊಳ್ಳಲು ಮಾರ್ಚ್ ಆದರೇನು, ಜೂನ್ ಆದರೇನು? ದೊರೆಯದಿದ್ದರೆ, ಬೇರೆಯವರ ಗಡುವಿಗಾಗಿ ತೋಟವನ್ನು ಅಡವಿಡುವ ಅವಸರ ಬೇಡ ಎಂಬುದೇ ಸದಸ್ಯರಲ್ಲಿ ನಮ್ಮ ವಿನಂತಿ.