ಸ್ಯಾಂಪಲ್ ಹೋಯಿತು, ಲ್ಯಾಬ್ ಸರಿ ಇದೆಯೇ?

ಎಫ್‌ಡಿಎ ಅಧಿಕಾರಿ ಬಂದು ಎಣ್ಣೆಯನ್ನೋ ಪನೀರನ್ನೋ ಸ್ಯಾಂಪಲ್ ತೆಗೆದುಕೊಂಡು ಹೋದರೆ, ಠಾಣೆಯಿರಲಿ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯಿರಲಿ, ಮಾಲಕ ಬಂಧುಗಳಾದ ನಮಗೆ ವರದಿ ಬರುವ ತನಕ ನಿದ್ದೆ ಇಲ್ಲ. ವರದಿ ಬಂದ ಮೇಲೆ "ದಂಡ ಎಷ್ಟು?" ಎಂದು ಎಲ್ಲರೂ ಕೇಳುತ್ತಾರೆ. "ಯಾವ ಲ್ಯಾಬ್? ಯಾವ ವಿಧಾನ?" ಎಂದು ಕೇಳುವವರು ಕಡಿಮೆ.

ಆ ಪ್ರಶ್ನೆಗೆ ಎಷ್ಟು ಬೆಲೆಯೆಂದು ಮ್ಯಾಗಿ ಪ್ರಕರಣ ತೋರಿಸಿತು. ಸೀಸದ ಮಿತಿ 2.5 ಪಿಪಿಎಂ. ಕೋಲ್ಕತಾದ ಲ್ಯಾಬ್ 17.2 ಎಂದಿತು. 2015ರ ಜೂನ್ 5ರಂದು ದೇಶವಿಡೀ ನಿಷೇಧ ಬಂತು. ಆಗಸ್ಟ್ 13ರಂದು ಮುಂಬಯಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪರೀಕ್ಷಿಸಿದ ಲ್ಯಾಬುಗಳಿಗೆ ಕಾನೂನು ಕೇಳುವ ಮಾನ್ಯತೆ ಇಲ್ಲ, ಕಂಪನಿಯ ಮಾತನ್ನೂ ಸರಿಯಾಗಿ ಕೇಳಿಲ್ಲ ಎಂದಿತು. ಪಂಜಾಬ್, ಹೈದರಾಬಾದ್, ಜೈಪುರದ ಎನ್‌ಎಬಿಎಲ್ ಮಾನ್ಯತೆಯ ಮೂರು ಲ್ಯಾಬುಗಳಲ್ಲಿ ಮರುಪರೀಕ್ಷೆಯಾಯಿತು. ಸೀಸ ಮಿತಿಯೊಳಗಿತ್ತು. ನವೆಂಬರಿನಲ್ಲಿ ಮಾಲು ಅಂಗಡಿಗೆ ಮರಳಿತು. ದೊಡ್ಡ ಕಂಪನಿ, ದೊಡ್ಡ ವಕೀಲರು ಅನ್ನಿ, ಆದರೆ ಕಾನೂನು ನಮಗೂ ಅದೇ.

ವಿಟಮಿನ್ ಮಾತ್ರೆ, ಪ್ರೋಟೀನ್ ಪುಡಿಯ ಲ್ಯಾಬುಗಳಲ್ಲಿ 'ವ್ಯಾಲಿಡೇಶನ್' ಎಂಬ ಮಾತಿದೆ. ಅಂದರೆ ಸಾಮಾನು ತೂಗುವ ಮೊದಲು ತಕ್ಕಡಿಯನ್ನೇ ಪರೀಕ್ಷಿಸುವುದು. ಗೊತ್ತಿರುವಷ್ಟು ಪದಾರ್ಥ ಬೆರೆಸಿದರೆ ಅಷ್ಟೇ ಸಿಗುತ್ತದೆಯೇ? ಒಂದೇ ಸ್ಯಾಂಪಲನ್ನು ಆರು ಸಲ ನೋಡಿದರೆ ಉತ್ತರ ಒಂದೇ ಬರುತ್ತದೆಯೇ? ಬೇರೆ ವಸ್ತು ಅಡ್ಡ ಬರುತ್ತದೆಯೇ? 2008ರಲ್ಲಿ ಚೀನಾದ ಹಾಲಿನ ಪುಡಿಯಲ್ಲಿ ಆದದ್ದು ಈ ಕೊನೆಯದ್ದೇ. ನೈಟ್ರೋಜನ್ ಅಳೆದು ಪ್ರೋಟೀನ್ ಲೆಕ್ಕ ಹಾಕುವ ವಿಧಾನಕ್ಕೆ ಮೆಲಮೈನ್ ಕೂಡ ಪ್ರೋಟೀನಿನಂತೆ ಕಂಡಿತು. ಯಂತ್ರ ಸುಳ್ಳು ಹೇಳಲಿಲ್ಲ, ವಿಧಾನಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ಮಕ್ಕಳು ಸತ್ತರು.

ಮಾಲು ಎಷ್ಟು ಕಾಲ ಕೆಡದೆ ಇರುತ್ತದೆಂದು ತಿಳಿಯಲು 40 ಡಿಗ್ರಿ ಬಿಸಿ, ಶೇ. 75 ತೇವದಲ್ಲಿ 6 ತಿಂಗಳು ಇಟ್ಟು ನೋಡುವ ಕ್ರಮವೂ ಇದೆ. ನಮ್ಮ ಚಟ್ನಿಗೆ ಮೇ ತಿಂಗಳ ಒಂದು ಮಧ್ಯಾಹ್ನ ಸಾಕು! ಆದ್ದರಿಂದ ಸ್ಯಾಂಪಲ್ ಹೇಗೆ ಸಾಗಿಸಿದರು, ಐಸ್ ಇತ್ತೇ ಎಂದು ನೋಡಿಕೊಳ್ಳಿ.

ಕರಿದ ಎಣ್ಣೆಗೆ 2018ರ ಜುಲೈ 1ರಿಂದ ಪೋಲಾರ್ ಅಂಶ ಶೇ. 25 ಮೀರಬಾರದೆಂಬ ನಿಯಮವಿದೆ. ಬಾಣಲೆಗೆ ಅದ್ದುವ ಮೀಟರು ಎಣ್ಣೆಯ ವಿದ್ಯುತ್ ಗುಣ ನೋಡಿ ಅಂದಾಜು ಹೇಳುತ್ತದೆ. ಲ್ಯಾಬಿನಲ್ಲಿ ಪೋಲಾರ್ ಅಂಶವನ್ನೇ ಬೇರ್ಪಡಿಸಿ ತೂಗುತ್ತಾರೆ. ಮೀಟರು ಇಟ್ಟುಕೊಳ್ಳಿ, ಆದರೆ ಕ್ಯಾಲಿಬ್ರೇಶನ್ ಮಾಡಿಸಿ. ಅದು 24 ತೋರಿಸಿತೆಂದು ಅದೇ ಎಣ್ಣೆಯಲ್ಲಿ ಇನ್ನೊಂದು ಘಾಣ ವಡೆ ಬಿಡಬೇಡಿ.

ಕಾನೂನಿನ ಪ್ರಕಾರ ಸ್ಯಾಂಪಲನ್ನು ನಾಲ್ಕು ಭಾಗ ಮಾಡಬೇಕು. ಒಂದು ಭಾಗ ಮಾನ್ಯತೆ ಇರುವ ಲ್ಯಾಬಿಗೆ ಹೋಗಬೇಕೆಂದು ನಾವು ಕೇಳಬಹುದು, ಖರ್ಚು ನಮ್ಮದು. ಅದನ್ನು ಸ್ಯಾಂಪಲ್ ತೆಗೆಯುವಾಗಲೇ ಬರೆದು ಕೊಡಿ. ಎರಡು ವರದಿಗಳು ಬೇರೆಯಾದರೆ ರೆಫರಲ್ ಲ್ಯಾಬಿನದ್ದೇ ಅಂತಿಮ. ವರದಿಯ ವಿರುದ್ಧ ಅಪೀಲಿಗೆ ಅದು ಕೈಸೇರಿದ ದಿನದಿಂದ 30 ದಿನ. ನಾವು ಊರಿಗೆ ಹೋಗಿದ್ದರೂ ಆ ಲಕೋಟೆ ಗಲ್ಲಾದ ಡ್ರಾವರಿನಲ್ಲಿ ಬಿದ್ದಿರದಂತೆ ಮ್ಯಾನೇಜರಿಗೆ ಹೇಳಿಡಿ.